ಬಾನೆಟ್ಟಿನೊಳಗಿನ ಹಲ್ಲಿ

ರೋಣದಲ್ಲಿ ಮಿಸ್ತ್ರಿ ಕಾಕಾ ಅವರನ್ನು ಬಲ್ಲ ಯಾರ ಮುಂದೆ ಅವರ ಮಾತು ತೆಗೆದರೂ ಮೊದಲು ಒಂದು ನಗು ಬರುತ್ತದೆ. ಅದಾದ ಮೇಲೆ, "ಅಂವಾ ದೊಡ್ಡ ದೊಡ್ಡ ಮಂದಿ ಬಾಯಿಲೆ ಸಪ್ಪಳಾ ಮಾಡಿಸಿದಾಂವ್ರಿ" ಎನ್ನುತ್ತಾರೆ. ಸುಳ್ಳಲ್ಲ. ಅವರ ಗ್ಯಾರೇಜಿಗೆ ಕಾರು ತಂದವರು ಕಡಲೆ ವ್ಯಾಪಾರಿಯಾಗಿರಲಿ, ವಕೀಲರಾಗಿರಲಿ, ಕಾರು ಎಂಥ ಸದ್ದು ಮಾಡುತ್ತದೆ ಎಂದು ಬಾಯಿಂದ ಮಾಡಿ ತೋರಿಸಲೇಬೇಕಿತ್ತು. "ಸಪ್ಪಳ ಬರ್ತೈತಿ ಅಂದ್ರ ನನಗ ತಿಳಿಯಂಗಿಲ್ಲರಿ. ನನ್ನ ಕಡೆ ಮಾರಿ ಮಾಡಿ, ಅದು ಹ್ಯಾಂಗ ಮಾಡತೈತಿ ಹಂಗ ಮಾಡ್ರಿ." ಇಸ್ತ್ರಿ ಅಂಗಿ ತೊಟ್ಟ ದೊಡ್ಡ ಮನುಷ್ಯರೊಬ್ಬರು ನಡುಬೀದಿಯಲ್ಲಿ ನಿಂತು ಗಲ್ಲ ಉಬ್ಬಿಸಿ "ಗುಡು ಗುಡು ಗುಡು, ಟಪ್" ಎಂದು ಮಾಡಿದ್ದನ್ನು ನಾನೇ ಕಂಡಿದ್ದೇನೆ. ಪಕ್ಕದ ಚಹಾದಂಗಡಿಯವರಿಗೆ ಪುಕ್ಕಟೆ ನಾಟಕ.

ಅದು ಅವರ ಹುಚ್ಚು ಎಂದುಕೊಂಡವರೇ ಹೆಚ್ಚು. ಆ ಹುಚ್ಚು ಶುರುವಾದದ್ದು ನನ್ನ ಕಾರಿನಿಂದ. ಅದರ ಕಾರಣ ನನಗೆ ಮತ್ತು ನಮ್ಮ ಅವ್ವನಿಗೆ ಬಿಟ್ಟರೆ ಬಹುಶಃ ಯಾರಿಗೂ ಗೊತ್ತಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಊರಲ್ಲಿ ಎಲ್ಲರೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು, ನಾನು ಮಿಸ್ತ್ರಿ ಕಾಕಾ ಎನ್ನುತ್ತಿದ್ದೆ, ಅಷ್ಟು ಸಾಕು.

ನನ್ನದು ಹುಟ್ಟಾ ಅಂಜುಬುರುಕ ಜೀವ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬಂದವಳು ನಾನು. ನರೇಗಲ್ಲಿನ ಹೈಸ್ಕೂಲಿನಲ್ಲಿ ಕಲಿಸುತ್ತೇನೆ, ರೋಣದಲ್ಲಿ ಮನೆ. ನನ್ನ ಯಜಮಾನರಿಗೆ ಬೀಜ-ಗೊಬ್ಬರದ ಅಂಗಡಿ, ಅವರು ಸ್ಟೇರಿಂಗ್ ಮುಟ್ಟಿದವರಲ್ಲ. ಅವ್ವನ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಗದಗಿನ ದವಾಖಾನೆಗೆ ಡಯಾಲಿಸಿಸ್‌ಗೆ ಒಯ್ಯಬೇಕು ಎಂದಾದಾಗ, ನಡುವಯಸ್ಸಿನಲ್ಲಿ ನಾನೇ ಕಾರು ಕಲಿತೆ. ಹಳೆಯ ಸಣ್ಣ ಕಾರೊಂದನ್ನು ಕೊಂಡೆವು. ಅವ್ವ ಡಯಾಲಿಸಿಸ್ ಎನ್ನುವುದಿಲ್ಲ, "ರಕ್ತಾ ತೊಳಿಸಿಕೊಂಡ ಬರೂದು" ಎನ್ನುತ್ತಾಳೆ, ಅರಿವೆ ತೊಳೆದಷ್ಟೇ ಸಲೀಸಾಗಿ. ಆದರೆ ಒಂದು ಸರತಿ ತಪ್ಪಿದರೆ ಅವಳ ಮುಖ ಬಾತು, ಉಸಿರು ಎಳೆಯಲು ಶುರುವಾಗುತ್ತದೆ. ಒಮ್ಮೆ ಹಾಗಾಗಿದ್ದನ್ನು ಕಂಡಿದ್ದೇನೆ, ಇನ್ನೊಮ್ಮೆ ಕಾಣುವ ಧೈರ್ಯ ನನಗಿಲ್ಲ.

ಹೀಗಾಗಿ ಕಾರು ನನಗೆ ಕಾರಾಗಿರಲಿಲ್ಲ. ಅದು ದಾರಿಯಲ್ಲಿ ನಿಂತರೆ ಅವ್ವ ನಿಂತಂತೆ. ಎಡಕ್ಕೂ ಎರೆಹೊಲ, ಬಲಕ್ಕೂ ಎರೆಹೊಲ, ಮಳೆಯಾದ ಮೇಲೆ ರಸ್ತೆ ಬಿಟ್ಟು ಒಂದು ಗಾಲಿ ಕೆಳಗಿಳಿದರೆ ಮುಗಿಯಿತು, ಟ್ರ್ಯಾಕ್ಟರೇ ಬಂದು ಎಳೆಯಬೇಕು.

ಮಿಸ್ತ್ರಿ ಕಾಕಾ ನನಗಿಂತ ಅಂಜುಬುರುಕರು. ಆದರೆ ಅವರ ಅಂಜಿಕೆ ಸಿಟ್ಟಿನ ವೇಷ ಹಾಕಿಕೊಂಡು ಬರುತ್ತಿತ್ತು. ನಸುಗೆಂಪು ಮೈಬಣ್ಣ, ಹಣೆಗೆ ವಿಭೂತಿ, ಕನ್ನಡಕದ ಮುರಿದ ಕಾಲಿಗೆ ಸುತ್ತಿದ ತಾಮ್ರದ ತಂತಿ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ರಿಪೇರಿ ಮುಗಿದ ಕಾರನ್ನು ಹಾಗೆಯೇ ಕೊಟ್ಟು ಕಳಿಸಿದ್ದಿಲ್ಲ, ತಾವೇ ಒಂದು ಸುತ್ತು ಹೊಡೆಯಬೇಕು. ಹೊಡೆದು ಬಂದ ಮೇಲೂ "ಆತು" ಎನ್ನುತ್ತಿರಲಿಲ್ಲ. "ಸದ್ಯಕ ಸುಮ್ಮನಾಗೇತಿ" ಎನ್ನುತ್ತಿದ್ದರು. ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ, ಕೇಳಿದರೆ ಕೆಲಸ ಕೆಡುತ್ತದಂತೆ. "ದೂರ ಹೊಂಟೀರೇನ್ರಿ?" ಎಂದಷ್ಟೇ. ದೂರ ಎಂದರೆ ಸಂಜೆ ಫೋನು ಬರುವುದೇ. "ಮುಟ್ಟಿದ್ರೀ?" ಮುಟ್ಟಿದೆವು ಎಂದರೆ, "ಚಲೋ ಆತ್ರಿ," ಟಕ್ಕೆಂದು ಇಟ್ಟುಬಿಡುತ್ತಿದ್ದರು. ಇನ್ನೊಂದು ಮಾತಿಲ್ಲ.

ನರಗುಂದದ ಮದುವೆ ಗಾಡಿಯ ಕಥೆಯನ್ನು ಊರವರು ಇನ್ನೂ ಹೇಳುತ್ತಾರೆ. ಮದುಮಗನ ಕಾರು ಹೂವಿನ ಅಲಂಕಾರ ಮಾಡಿಕೊಂಡು ಹೊರಟಿದೆ, ಗಾಳಿ ಹಾಕಿಸಲು ಇವರ ಹತ್ತಿರ ನಿಂತಿದೆ. ಇವರು ಬ್ರೇಕಿನ ಮೇಲೆ ಕಾಲಿಟ್ಟು ನೋಡಿ, ಚಾವಿ ಕಿತ್ತುಕೊಂಡು ಕಿಸೆಗೆ ಹಾಕಿಕೊಂಡರು. "ಮದುಮಗಾ ಜೀವಂತ ಮುಟ್ಟಬೇಕೋ, ಹೂವಿನ ಗಾಡ್ಯಾಗ ಮುಟ್ಟಬೇಕೋ?" ಮದುವೆಯವರು ಬೈದರು, ಕೈಮುಗಿದರು, ಇವರು ಬಗ್ಗಲಿಲ್ಲ. ಕೊನೆಗೆ ಮದುಮಗ ಸಿಕ್ಕ ಟ್ರ್ಯಾಕ್ಟರಿನಲ್ಲಿ ನಿಂತುಕೊಂಡೇ ನರಗುಂದಕ್ಕೆ ಹೋದ. ನಾನೊಮ್ಮೆ ಇದನ್ನು ನೆನಪಿಸಿ ನಕ್ಕಾಗ ಅವರು ನಗಲಿಲ್ಲ. "ಖರೇ ಹೇಳಲೇನ್ರಿ ಅಕ್ಕೋರ? ಬ್ರೇಕ್ ಚಲೋನ ಇದ್ದವೇನೋ. ನನಗ ಆವತ್ತ ನಂಬಿಕಿ ಬರಲಿಲ್ಲ, ಅಷ್ಟ."

ಅವರಿಗೆ ಪೂರ್ತಿ ನಂಬಿಕೆ ಇದ್ದದ್ದು ಒಂದರ ಮೇಲೆ, ತಮ್ಮ ಕಿವಿಯ ಮೇಲೆ. ಅದರಲ್ಲಿ ಮಾತ್ರ ಜಂಬವೋ ಜಂಬ. ಶೆಡ್ಡಿನೊಳಗೆ ಯಾವುದೋ ಗಾಡಿಯ ಕೆಳಗೆ ಮಲಗಿದ್ದಲ್ಲಿಂದಲೇ, ತಿರುವಿನಾಚೆಯ ಬಸ್ಸಿನ ಸದ್ದು ಹಿಡಿದು ಕೂಗುತ್ತಿದ್ದರು: "ಗಜೇಂದ್ರಗಡದ ಬಸ್ ಬಂತು ನೋಡ್ರಿ. ಇವತ್ತ ಹಳೇ ಗಾಡಿ ಕಳಿಸ್ಯಾರ." ಚಹಾದಂಗಡಿಯವರು ಎದ್ದು ನೋಡಿದರೆ ಹೌದೇ ಹೌದು. ಮರದ ಹಿಡಿಕೆಯ ಉದ್ದನೆಯ ಸ್ಕ್ರೂಡ್ರೈವರೊಂದಿತ್ತು. ಅದರ ತುದಿಯನ್ನು ನಡೆಯುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಇಂಜಿನ್ ಸುಳ್ಳ ಹೇಳಂಗಿಲ್ಲರಿ, ಮಾಲಕ ಹೇಳತಾನ" ಎಂಬುದು ಅವರ ಮಾತು.

ಹೇಳಲೇಬೇಕಾದ ಇನ್ನೊಂದು, ಅವರ ಹಲ್ಲಿ. ಶೆಡ್ಡಿನ ಗೋಡೆಯ ಕ್ಯಾಲೆಂಡರಿನ ಹಿಂದೆ ಒಂದು ಹಲ್ಲಿ ಇತ್ತು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ರೂಢಿಯೇ: ಯಾರೋ ಮಾತಾಡುತ್ತಿರುವಾಗ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ, ಆಗ ಬೆರಳಿನ ಗೆಣ್ಣಿನಿಂದ ಮೂರು ಸಲ ಬಡಿದು "ಖರೇ ಖರೇ" ಎನ್ನಬೇಕು. ಮಿಸ್ತ್ರಿ ಕಾಕಾ ಇದನ್ನು ತಪ್ಪಿಸಿದವರಲ್ಲ. ಎಂಥ ಗದ್ದಲದಲ್ಲೂ ಹಲ್ಲಿಯ ಲೊಚಲೊಚ ಅವರಿಗೆ ಕೇಳುತ್ತಿತ್ತು. ಕೈಯಲ್ಲಿ ಬೋಲ್ಟು ತಿರುವುವ ಪಾನಾ ಇದ್ದರೂ ಸರಿ, ಹತ್ತಿರದ ಬಾನೆಟ್ಟಿಗೆ ಮೂರು ಪೆಟ್ಟು.

ಒಂದು ಚಳಿಗಾಲದ ಬೆಳಿಗ್ಗೆ ನನ್ನ ಕಾರು ಸದ್ದು ಮಾಡತೊಡಗಿತು. ಚಾವಿ ತಿರುವಿದ ಕೂಡಲೇ ಟಿಕ್ ಟಿಕ್ ಟಿಕ್. ಎಕ್ಸಿಲೇಟರ್ ಒತ್ತಿದರೆ ಟಿಕಟಿಕಟಿಕ ಎಂದು ಅವಸರ ಮಾಡುತ್ತದೆ. ಯಜಮಾನರನ್ನು ಕರೆದೆ. ಚಹಾ ಬಟ್ಟಲು ಹಿಡಿದು ಬಂದು ನಿಂತವರು, "ಟಿಕ್ ಟಿಕ್ ಗಾಡ್ಯಾಗಿಲ್ಲ, ನಿನ್ನ ತಲ್ಯಾಗೈತಿ" ಎಂದು ಒಳಗೆ ಹೋದರು. ದಿನವಿಡೀ ಪಾಠ ಮಾಡುತ್ತಿದ್ದರೂ ಒಳಗೊಳಗೆ ಅದೇ ಸದ್ದು. ಸಂಜೆ ನರೇಗಲ್ಲಿನಿಂದ ಬರುತ್ತ ನೇರ ಗ್ಯಾರೇಜಿಗೆ ಹೋದೆ.

ಮಿಸ್ತ್ರಿ ಕಾಕಾ ಸ್ಕ್ರೂಡ್ರೈವರು ಹಚ್ಚಿ ಎಷ್ಟೋ ಹೊತ್ತು ಕೇಳಿದರು. ಆಯಿಲ್ ಕಡ್ಡಿ ಎಳೆದು ನೋಡಿದರು, ಆಯಿಲ್ ಸರಿಯಾಗಿತ್ತು.

"ಏನೂ ಇಲ್ಲರಿ ಅಕ್ಕೋರ. ಗಡಿಯಾರ ನಡದಂಗ ನಡದೈತಿ."

"ಆ ಗಡಿಯಾರದ್ದ ಸಪ್ಪಳರಿ ಕಾಕಾ. ಟಿಕ್ ಟಿಕ್ ಅಂತೈತಿ."

"ಹಂಗಾರ ಬಾನೆಟ್ನ್ಯಾಗ ಹಲ್ಲಿ ಹೊಕ್ಕಿರಬೇಕ್ರಿ," ಎಂದು ನಕ್ಕರು.

ಮರುದಿನ ಬೆಳಿಗ್ಗೆ ಮತ್ತೆ ಟಿಕ್ ಟಿಕ್. ಎರಡು ದಿನ ತಡೆದು ಮತ್ತೆ ಹೋದೆ. ಈ ಸಲ ಅವರು ನಗಲಿಲ್ಲ. ಇಂಜಿನ್ನಿನ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಸಡಿಲಾಗಿರಬಹುದು ಎಂದು ಮೇಲಿನ ಮುಚ್ಚಳ ಬಿಚ್ಚಿ, ತೆಳ್ಳನೆಯ ತಗಡಿನ ಪಟ್ಟಿ ತೂರಿಸಿ ತೂರಿಸಿ ಹೊಂದಿಸಿದರು. "ಸದ್ಯಕ ಸುಮ್ಮನಾಗೇತಿ" ಎಂದರು, ಆದರೆ ನನ್ನನ್ನೇ ಪ್ರಶ್ನೆ ಕೇಳುವ ದನಿಯಲ್ಲಿ. ಮರುದಿನ ಬೆಳಿಗ್ಗೆ ಅದೇ ಸದ್ದು, ಒಂದು ಗುಂಜಿಯೂ ಕಡಿಮೆಯಿಲ್ಲ.

ನನಗೋ ನಿದ್ದೆ ಹಾರಿತು. ಗದಗಿನ ದಾರಿಯಲ್ಲಿ ಅವ್ವನನ್ನು ಹಿಂದೆ ಕೂರಿಸಿಕೊಂಡು, ಕಿವಿಯನ್ನು ಬಾನೆಟ್ಟಿಗೆ ಕೊಟ್ಟು ಕಾರು ಹೊಡೆಯುತ್ತಿದ್ದೆ. ಅವ್ವ ಹಿಂದಿನಿಂದ, "ಯಾಕ ಅಷ್ಟ ಬಿಗಿ ಹಿಡದೀ? ಸ್ಟೇರಿಂಗ್ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಚೇಷ್ಟೆ ಮಾಡುವಳು. ತಡೆಯಲಾರದೆ ಗಜೇಂದ್ರಗಡದ ದೊಡ್ಡ ಗ್ಯಾರೇಜೊಂದಕ್ಕೆ ಒಯ್ದೆ. ಅವರು ಕಂಪ್ಯೂಟರ್ ಹಚ್ಚಿದರು, ಅದು ಏನೂ ತೋರಿಸಲಿಲ್ಲ. "ಹಂಗಿದ್ರ ಒಳಗ ಏನರ ಸವದಿರಬೇಕು ಮೇಡಂ. ಇಂಜಿನ್ ಇಳಿಸಿ ನೋಡಬೇಕು, ವಾರದ ಮ್ಯಾಲೆ ಆಗ್ತೈತಿ, ಗಾಡಿ ಬಿಟ್ಟ ಹೋಗ್ರಿ" ಎಂದರು. ವಾರದ ಮೇಲೆ ಗಾಡಿ ಬಿಟ್ಟರೆ ಅವ್ವನನ್ನು ಒಯ್ಯುವುದು ಹೇಗೆ? ಬಿಡದೆ ಒಯ್ದರೆ ದಾರಿಯಲ್ಲಿ ಒಡೆದು ನಿಂತರೆ? ಹುಚ್ಚು ಬಿಡುವತನಕ ಮದುವೆಯಿಲ್ಲ, ಮದುವೆಯಾಗುವತನಕ ಹುಚ್ಚು ಬಿಡುವುದಿಲ್ಲ. ಗಾಡಿ ತಿರುಗಿಸಿಕೊಂಡು ಮತ್ತೆ ಮಿಸ್ತ್ರಿ ಕಾಕಾನ ಶೆಡ್ಡಿಗೇ ಬಂದೆ.

ಅವತ್ತು ಅವರು ಒಬ್ಬರೇ ಕೂತಿದ್ದರು. ಗಜೇಂದ್ರಗಡದಲ್ಲಿ ಹೇಳಿದ್ದನ್ನು ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಎದ್ದು ಬಂದು, ಇಂಜಿನ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರನ್ನು ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಒತ್ತಿ ಕೇಳಿ, ಬಂದ್ ಮಾಡಿಸಿದರು. ಶೆಡ್ಡು ನಿಶ್ಶಬ್ದವಾಯಿತು.

"ಅಕ್ಕೋರ, ನಿಮ್ಮ ಗಾಡ್ಯಾಗ ಏನೂ ಸಪ್ಪಳ ಇಲ್ಲ" ಎಂದರು ಬಿಗಿಯಾಗಿ.

ಅಷ್ಟರಲ್ಲಿ ಕ್ಯಾಲೆಂಡರಿನ ಹಿಂದಿನ ಹಲ್ಲಿ ಲೊಚಗುಟ್ಟಿತು. ಸಪ್ಪಳ ಇಲ್ಲವೆಂಬ ಮಾತಿಗೆ ಹಲ್ಲಿಯ ಸಾಕ್ಷಿ! ನಾನು ರೂಢಿಯಂತೆ ಬಾನೆಟ್ಟಿನ ಮೇಲೆ ಮೂರು ಸಲ ಬಡಿದೆ. ಅವರು ಬಡಿಯಲಿಲ್ಲ. ನನ್ನ ಬೆರಳನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು.

"ನುಡೀತೇನ್ರಿ?"

ಆ ಗಳಿಗೆಗೆ ನೆನಪಾಯಿತು, ಈಚೆಗೆ ಅವರು ಬಸ್ಸುಗಳ ಸುದ್ದಿಯನ್ನೂ ಹೇಳುತ್ತಿರಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಅವರು ಟೈರೊಂದರ ಮೇಲೆ ಕುಸಿದು ಕೂತರು. ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡು, ಒರೆಸಿದ್ದನ್ನೇ ಒರೆಸುತ್ತ ಹೇಳಿದರು.

"ನೀವು ಮೊದಲನೇ ಸಲ ಬಂದಾಗಿಂದ ನನಗ ಊಟ ಸೇರವಲ್ದು. ನಿಮಗ ಕೇಳಸ್ತೈತಿ, ನನಗ ಕೇಳಸವಲ್ದು. ಕಿವಿ ಹೋದ್ವು ಅಂತ ತಿಳಕೊಂಡೀನಿ. ನನ್ನ ಮ್ಯಾಲೆ ಭರೋಸೆ ಇಡಬ್ಯಾಡ್ರಿ. ಅವ್ವಾರ ಜೀವದ ಮಾತದು. ಗಜೇಂದ್ರಗಡದಾಗ ಹೇಳಿದಂಗ ಮಾಡ್ರಿ."

ಅವರ ಬಾಯಿಂದ ಅಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಸಂಕಟಕ್ಕೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. "ಕಾಕಾ, ಇಲ್ಲಿಗೆ ಬಂದಮ್ಯಾಲೆ ನನಗೂ ಕೇಳಸಂಗಿಲ್ರಿ."

"ಏನಂದ್ರಿ?"

ನಾನು ಎದುರು ನಿಂತು ಜೋರಾಗಿ ಹೇಳಿದೆ. "ಮನ್ಯಾಗ ಬರ್ತೈತಿ. ಮುಂಜಾನಿ ಚಾಲೂ ಮಾಡಿದಾಗ. ಇಲ್ಲಿ ನಿಮ್ಮ ಮುಂದ ಬಂದ್ರ ನನಗೂ ಕೇಳಸಂಗಿಲ್ಲ. ಹೇಳಿದ್ರ ನನಗ ಹುಚ್ಚ ಹಿಡದೈತಿ ಅಂತೀರಂತ ಸುಮ್ಮನಿದ್ದೆ."

ಅವರು ಎದ್ದ ರಭಸಕ್ಕೆ ಟೈರು ಉರುಳಿ ಹೋಯಿತು. "ಅದನ್ನ ಮೊದಲ ಬಾಯಿ ಬಿಟ್ಟ ಹೇಳಬಾರದೇನ್ರಿ! ಸಾಲ್ಯಾಗ ಹುಡುಗರಿಗೆ ಹಿಂಗ ಕಲಸ್ತೀರೇನು? ನನ್ನ ಜೀವಾ ತಿಂದ್ರಲ್ರೀ!"

"ನೀವರ ಕೇಳಬಾರದಿತ್ತೇನ್ರಿ, ಈಗ ಕೇಳಸ್ತೈತೇನು ಅಂತ?"

"ಹ್ಯಾಂಗ ಕೇಳಲಿ? ಹೌದ ಅಂದಿದ್ರ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಹುಚ್ಚು ಎನ್ನುತ್ತಾರೆಂದು ನಾನು ಬಾಯಿ ಬಿಟ್ಟಿರಲಿಲ್ಲ. ತಮಗೆ ಕಿವುಡು ಎನ್ನುತ್ತೇನೆಂದು ಅವರು ಕೇಳಿರಲಿಲ್ಲ. ಈ ಇಬ್ಬರು ಪುಕ್ಕಲರ ನಡುವೆ ಕಾರು ದಿನಾ ಬೆಳಿಗ್ಗೆ ಆರಾಮಾಗಿ ಟಿಕ್ ಟಿಕ್ ಎನ್ನುತ್ತಿತ್ತು.

"ಥಂಡಿ ಇದ್ದಾಗ ಬರ್ತೈತಿ, ಬಿಸಿ ಆದ್ರ ನಿಲ್ಲತೈತಿ," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. "ನಾಳಿ ಮುಂಜಾನಿ ನಿಮ್ಮ ಮನೀಗೆ ಬರ್ತೀನಿ. ನಾ ಬರೂತನಕ ಚಾವಿ ತಿರುವಬ್ಯಾಡ್ರಿ."

"ನಾಳಿ ಅಮಾಸಿ ಅಲ್ಲೇನ್ರಿ?" ಅಮಾವಾಸ್ಯೆಯ ದಿನ ಅವರು ಇಂಜಿನ್ ಬಿಚ್ಚುವುದಿಲ್ಲ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿ ಶೆಡ್ಡು ಮುಚ್ಚುತ್ತಾರೆ ಎಂದು ಊರಿಗೇ ಗೊತ್ತು. ಅದರ ಮರುದಿನವೇ ಅವ್ವನ ಸರತಿ.

"ಅಮಾಸಿ ಬಿಚ್ಚಾಕ ಅಡ್ಡ ಬರ್ತೈತಿ. ಕೇಳಾಕ ಬರಂಗಿಲ್ಲ" ಎಂದರು.

ಬೆಳಿಗ್ಗೆ ಬಂದರು. ಸ್ನಾನ ಮಾಡಿ, ವಿಭೂತಿ ಧರಿಸಿ, ಹೊಸ ಅಂಗಿ ತೊಟ್ಟಿದ್ದರು. ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅವರು ಬಾನೆಟ್ ಎತ್ತಿ, ಕೈಬೀಸಿ, "ಮಾಡ್ರಿ" ಎಂದರು. ಚಾವಿ ತಿರುವಿದೆ. ಟಿಕ್ ಟಿಕ್ ಟಿಕ್ ಟಿಕ್. ಅಂಗಳವೆಲ್ಲ ಅದೇ. ಅವ್ವ ಅಲ್ಲಿಂದಲೇ, "ಹಾಂ, ಅದ ನೋಡ" ಎಂದಳು.

ನಾನು ನೋಡಿದ್ದು ಅವರ ಮುಖವನ್ನು. ಅದರಲ್ಲಿ ಏನೂ ಬದಲಾಗಲಿಲ್ಲ. ಇಷ್ಟು ದೊಡ್ಡ ಸದ್ದು, ಎದುರಿಗೇ ನಿಂತಿದ್ದಾರೆ, ಹುಬ್ಬು ಕೂಡ ಅಲುಗಲಿಲ್ಲ. ದೇವರೇ, ಕೇಳಲಿ, ಒಂದು ಸಲ ಕೇಳಲಿ ಎಂದು ಸ್ಟೇರಿಂಗ್ ಹಿಡಿದು ಬೇಡಿಕೊಂಡೆ. ಇಂಜಿನ್ ಬಿಸಿಯಾದರೆ ಸದ್ದು ನಿಂತುಬಿಡುತ್ತದೆ, ಆಮೇಲೆ ನಾಳೆಯವರೆಗೆ ಇಲ್ಲ. ನಾಳೆ ಅವ್ವನನ್ನು ಇದರಲ್ಲೇ ಒಯ್ಯಬೇಕು.

ಅವರು ಸ್ಕ್ರೂಡ್ರೈವರನ್ನು ಹಚ್ಚಿ ನೋಡಿ ಕೆಳಗಿಟ್ಟರು. ಚೀಲದಿಂದ ಒಂದು ತುಂಡು ರಬ್ಬರ್ ಪೈಪು ತೆಗೆದರು. ಒಂದು ತುದಿ ಕಿವಿಯೊಳಗೆ, ಇನ್ನೊಂದು ತುದಿಯನ್ನು ಇಂಜಿನ್ನಿನ ಪಕ್ಕದಲ್ಲಿ ಮೆಲ್ಲಗೆ ಆಡಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು. ಹಿಂದೆ ಸರಿಸಿದರು, ಮತ್ತೆ ಅಲ್ಲಿಗೇ ತಂದರು. ಆಗ ಆ ಮುಖ ಅರಳಿದ್ದನ್ನು ನಾನು ಹೇಗೆ ಬರೆಯಲಿ? ಬಾಯಲ್ಲಿದ್ದ ಲವಂಗ ಕೆಳಗೆ ಬಿತ್ತು.

"ಸಿಕ್ತು! ಕೇಳಿಸ್ತು! ಅಕ್ಕೋರ, ಬರ್ರಿ ಲಗೂ, ಕೇಳ್ರಿ."

ಓಡಿ ಬಂದು ಪೈಪು ಕಿವಿಗಿಟ್ಟುಕೊಂಡೆ. ಯಾರೋ ಕಿವಿಯಲ್ಲಿ ಪುಸ್ ಪುಸ್ ಎಂದು ಊದಿದಂತೆ. ಅವರು ಕೈಬ್ಯಾಟರಿಯ ಬೆಳಕು ಬಿಟ್ಟು ತೋರಿಸಿದರು. ಇಂಜಿನ್ನಿನಿಂದ ಹೊಗೆ ಹೊರಗೆ ಬಂದು ಸೈಲೆನ್ಸರಿನ ಕಡೆ ಹೋಗುವ ದಪ್ಪ ಕೊಳವೆ ಕೂಡುವ ಜಾಗದಲ್ಲಿ, ಒಲೆಯ ಬಾಯಿಗೆ ಹಿಡಿದಂಥ ಕಪ್ಪು ಮಸಿಯ ಗೆರೆ.

"ಇಲ್ಲಿ ಸಂದಿ ಮುಚ್ಚೂ ಪ್ಯಾಕಿಂಗ್ ಸುಟ್ಟೈತಿ, ಒಂದ ಬೋಲ್ಟೂ ಸಡ್ಲಾಗೈತಿ. ಥಂಡಿ ಇದ್ದಾಗ ಸಂದಿನ್ಯಾಗ ಹೊಗಿ ಹಾರತೈತಿ, ಟಿಕ್ ಟಿಕ್ ಅಂತೈತಿ. ಬಿಸಿ ಆತಂದ್ರ ಕಬ್ಬಿಣ ಉಬ್ಬಿ ಸಂದಿ ಮುಚ್ಚತೈತಿ. ನಾ ಮಳ್ಳಾಗಿ ಟ್ಯಾಪೆಟ್ ಬಿಚ್ಚಿದೆ ನೋಡ್ರಿ! ಇಂಜಿನ್ ಇಳಸೂದೇನ ಬ್ಯಾಡ, ಒಳಗ ಎಲ್ಲಾ ಚಲೋ ಐತಿ."

"ನಾಳಿ ದಾರ್ಯಾಗ ನಿಲ್ಲಂಗಿಲ್ಲಲ್ರಿ?"

"ಇದಕ್ಕ ನಿಲ್ಲಂಗಿಲ್ಲ. ಹೊಗಿ ಒಳಗ ಬರಬಾರದು, ಕಿಡಕಿ ತಗದ ಇಡ್ರಿ. ನಾಡದ ಪ್ಯಾಕಿಂಗ್ ಹಾಕತೀನಿ." ಅಂದವರು ಗೇಟಿನತನಕ ಹೋಗಿ, ನಿಂತು, ತಿರುಗಿ ಬಂದರು. "ನಾನೂ ಬರ್ತೀನ್ರಿ ನಾಳಿ. ಪಾನಾ ಚೀಲಾ ತೊಗೊಂಡ."

ಬಂದರು. ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಹಿಂದೆ ಅವ್ವ. ಕಿಟಕಿಗಳೆಲ್ಲ ತೆರೆದು, ಅವ್ವನಿಗೆ ಕೌದಿ ಹೊದಿಸಿ ಹೊರಟೆವು. ಊರ ಹೊರಗಿನ ಹಳ್ಳ ದಾಟುತ್ತಿದ್ದಂತೆ ಅವ್ವ ಮುಂದೆ ಬಾಗಿ ಅವರ ಭುಜ ತಟ್ಟಿದಳು. "ಈಗ ಸಪ್ಪಳ ನಿಂತತು ನೋಡಪಾ ಮಿಸ್ತ್ರಿ. ದಿನಾ ಇಲ್ಲೇ ನಿಲ್ಲತೈತಿ." ನನಗೆ ಗೊತ್ತೇ ಇರಲಿಲ್ಲ. ಅಂಜಿಕೆಯ ಗದ್ದಲದಲ್ಲಿ ನನಗೆ ಹಳ್ಳದಾಚೆಯೂ ಟಿಕ್ ಟಿಕ್ಕೇ ಕೇಳುತ್ತಿತ್ತು. ಅವರು ತಿರುಗಿ, "ಅವ್ವಾರ, ನಿಮ್ಮ ಕಿವಿ ನನಗ ಕೊಡ್ರಿ" ಎಂದರು. "ತೊಗೊ, ನನಗೇನ ಮಾಡೂದೈತಿ," ಎಂದಳು ಅವ್ವ.

ದವಾಖಾನೆಯಲ್ಲಿ ಅವ್ವನ ರಕ್ತ ತೊಳೆಯುವ ಯಂತ್ರವನ್ನು ಬಾಗಿಲ ಗಾಜಿನಿಂದ ನೋಡುತ್ತ ನಿಂತೇ ಇದ್ದರು. ಅದರ ಚಕ್ರ ತಿರುಗುವುದು ಸ್ವಲ್ಪ ತಡವಾದರೆ ನರ್ಸನ್ನು ಕರೆಯುವರು. "ಬಾಯಾರ, ಅದು ಹಂಗ ತಡದ ತಡದ ತಿರಗಬೇಕೇನ್ರಿ?" ನರ್ಸ್ ಸಾಕಾಗಿ ಕುರ್ಚಿ ಕೊಟ್ಟು ಕೂರಿಸಿದರು.

ಬರುವಾಗ ಅವ್ವ ಹಿಂದೆ ನಿದ್ದೆ ಹೋಗಿದ್ದಳು. ಅವರು ರಸ್ತೆ ನೋಡುತ್ತಲೇ ಹೇಳಿದರು. "ಪೈಪ್ ಇರದಿದ್ರ ನನಗ ಕೇಳಸ್ತಿದ್ದಿಲ್ಲ. ನೀವು ನೋಡೀರಿ."

"ನೋಡೀನಿ."

"ಯಾರ ಮುಂದೂ ಆಡಬ್ಯಾಡ್ರಿ. ಕಿವುಡ ಮಿಸ್ತ್ರಿ ಕೈಯಾಗ ಯಾರ ಗಾಡಿ ಕೊಡ್ತಾರ? ಈ ಕೆಲಸ ಬಿಟ್ರ ನನಗ ಏನ ಬರ್ತೈತಿ?"

ಅವರ ಕೈ ಚೀಲದ ಹಗ್ಗವನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು. ಕಾರನ್ನು ಬದಿಗೆ ನಿಲ್ಲಿಸಿ, ಅವರ ಕಡೆ ಮುಖ ಮಾಡಿ, ಮೇಷ್ಟ್ರಿಕೆಯ ಮಾತನ್ನೇ ಆಡಿದೆ. "ಸಾಲ್ಯಾಗ ನಾವು ಹುಡುಗರ ಬಾಯಿಲೇ ಹೇಳಸ್ತೇವಲ್ರಿ ಕಾಕಾ, ಹಂಗ ನೀವು ಗಿರಾಕಿ ಬಾಯಿಲೇ ಹೇಳಸ್ರಿ. ಏನ ಸಪ್ಪಳ, ಯಾವಾಗ ಬರ್ತೈತಿ, ಯಾವಾಗ ನಿಲ್ಲತೈತಿ. ಅದನ್ನ ಕೇಳಿದ್ರ ಅರ್ಧಾ ರಿಪೇರಿ ಆದಂಗ. ನಾವಿಬ್ರೂ ಅದನ್ನ ಕೇಳಲಾರದ ಕೆಟ್ವಿ."

ಮತ್ತೆ ಕಾರು ಹೊರಡಿಸಿದೆ. ರೋಣ ಹತ್ತಿರ ಬಂದಾಗ, "ನನ್ನ ಕಡೆ ಮಾರಿ ಮಾಡಿ ಮಾಡಬೇಕ ಹಂಗಾರ" ಎಂದರು.

ಹೀಗೆ ಶುರುವಾಯಿತು ಬೀದಿಯ ಆ ನಾಟಕ. ಅವರು ಗಿರಾಕಿಗಳ ತುಟಿ ನೋಡುತ್ತಿದ್ದರು, ಗಲ್ಲ ಉಬ್ಬುವುದನ್ನು ನೋಡುತ್ತಿದ್ದರು, ಅಂಗೈಯನ್ನು ಇಂಜಿನ್ನಿನ ಮೈಗೆ ಇಟ್ಟು ನಿಲ್ಲುತ್ತಿದ್ದರು. ಒಮ್ಮೊಮ್ಮೆ ತಪ್ಪುತ್ತಲೂ ಇದ್ದರು. ಯಾವಗಲ್ ಊರಿನವರೊಬ್ಬರು "ಚುಂಯ್" ಎಂದಿದ್ದನ್ನು "ಗುಂಯ್" ಎಂದು ಹಿಡಿದು, ಬೆಲ್ಟ್ ಬದಲಿಸುವುದು ಬಿಟ್ಟು ಗಾಲಿ ಬಿಚ್ಚಿ ಕೂತಿದ್ದರು. ಊರು ನಕ್ಕಿತು, ನಗುನಗುತ್ತಲೇ ಗಾಡಿ ತಂದಿತು. ನನ್ನ ಕಾರಿಗೆ ಪ್ಯಾಕಿಂಗ್ ಹಾಕಿದ ಮೇಲೆ ಟಿಕ್ ಟಿಕ್ ಮತ್ತೆ ಬರಲಿಲ್ಲ. ಬಾರದಿದ್ದರೂ ಚಳಿಯ ಬೆಳಿಗ್ಗೆ ಚಾವಿ ತಿರುವುವಾಗ ನಾನು ಉಸಿರು ಹಿಡಿಯುವುದು ಬಿಟ್ಟಿಲ್ಲ.

ಕೊನೆಯ ವರ್ಷ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಎದೆಯ ಬೇನೆಯೂ ಸೇರಿ ಶೆಡ್ಡು ಮುಚ್ಚಿತು. ನೋಡಲು ಹೋದೆ. ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು, ಬಾಯಲ್ಲಿ ಲವಂಗ. ಗಾಡಿ ಹೇಗಿದೆ ಎಂದು ಕೈಸನ್ನೆಯಲ್ಲಿ ಕೇಳಿದರು. ಚಲೋ ಇದೆ ಎಂದು ನಾನೂ ಕೈಯಲ್ಲೇ ಹೇಳಿದೆ. ಆಮೇಲೆ ಬಾಯಿ ಬಿಟ್ಟು, ಕಿವುಡರು ಮಾತಾಡುವಂತೆ ಜೋರಾಗಿ ಕೇಳಿದರು. "ಅವ್ವಾರು?"

ಆ ವಾರ ಅವ್ವನ ಮೈ ನೆಟ್ಟಗಿರಲಿಲ್ಲ. ಡಾಕ್ಟರು ಎದೆಯ ಪರೀಕ್ಷೆ ಮಾಡಿಸಿ ಎಂದಿದ್ದರು. ನನ್ನ ಮುಖದಲ್ಲಿ ಅದು ಕಂಡಿತೇನೋ.

"ಅಂಜಬ್ಯಾಡ್ರಿ. ಅವ್ವಾರಿಗೆ ಏನೂ ಆಗಂಗಿಲ್ಲ" ಎಂದರು.

ನನಗೆ ಆ ಮಾತು ನಿಜವಾಗಬೇಕಿತ್ತು. ಗೋಡೆ ನೋಡಿದೆ. ಎಲ್ಲೂ ಏನೂ ಇಲ್ಲ. ಆದರೂ ಮಂಚದ ಕಟ್ಟಿಗೆಯ ಮೇಲೆ ಮೂರು ಸಲ ಬಡಿದೆ, ಹಲ್ಲಿ ನುಡಿದದ್ದನ್ನು ಕೇಳಿದವಳಂತೆ. ಅವರು ನನ್ನ ಬೆರಳು ನೋಡಿದರು.

"ನುಡೀತೇನ್ರಿ?"

ಹೂಂ ಎಂದು ತಲೆಯಾಡಿಸಿದೆ. ಅವರೂ ಗೆಣ್ಣಿನಿಂದ ಮೂರು ಸಲ ಬಡಿದರು. "ಖರೇ ಖರೇ." ಬಡಿದಾದ ಮೇಲೆ ತುಟಿಯಂಚಿನಲ್ಲಿ ನಕ್ಕರು. "ಬಣ್ಣಾ ಹಚ್ಚೂ ಮುಂದ ನಮ್ಮ ಸೊಸಿ ಈ ಖೋಲಿ ಹಲ್ಲಿ ಎಲ್ಲಾ ಓಡಿಸ್ಯಾಳ್ರಿ ಅಕ್ಕೋರ. ಇರ್ಲಿ. ಅವ್ವಾರ ಸಲುವಾಗಿ ಬಡದೀನಿ."

ನನಗೆ ಅಳು ಬಂತು, ನಗುವೂ ಬಂತು. ಹೊರಡುವಾಗ ರೂಢಿಯಂತೆ, "ದೂರ ಹೊಂಟೀರೇನ್ರಿ?" ಎಂದರು. ಮರುದಿನ ಗದಗ ಎಂದು ಸನ್ನೆ ಮಾಡಿದೆ. "ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ." ಕಿವುಡರಿಗೆ ಫೋನು! ಆದರೂ ಮರುದಿನ ದವಾಖಾನೆಯ ಅಂಗಳದಿಂದ ಮಾಡಿದೆ. ನಡುಗುವ ಫೋನನ್ನು ಅಂಗೈಯಲ್ಲೇ ಹಿಡಿದು ಕೂತಿದ್ದರೇನೋ, ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ದನಿ. "ಮುಟ್ಟಿದ್ರಿ. ಚಲೋ ಆತ್ರಿ." ಟಕ್ಕೆಂದು ಇಟ್ಟರು. ಅಲ್ಲಿಂದ ಮುಂದೆ ಪ್ರತಿ ಸರತಿಗೂ ಹಾಗೆಯೇ ನಡೆಯಿತು. ನಾನು ಮಾತೇ ಆಡುತ್ತಿರಲಿಲ್ಲ, ಅವರು ಕೇಳುತ್ತಿರಲಿಲ್ಲ.

ಅವ್ವನ ಎದೆಯ ಪರೀಕ್ಷೆ ಸರಿಯಾಗಿಯೇ ಬಂತು. ಆಘಾತವಾಗುವಂಥದ್ದೇನನ್ನೂ ಅವಳಿಗೆ ಹೇಳಬೇಡಿ ಎಂದರು ಡಾಕ್ಟರು, ಅಷ್ಟೇ.

ನಿನ್ನೆ ಗದಗ ಮುಟ್ಟಿ ಕಾರು ನಿಲ್ಲಿಸಿದೆ. ಅವ್ವ ಇಳಿಯದೆ ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು.

"ಮಿಸ್ತ್ರಿಗೆ ಹೇಳಿದೇನ, ಮುಟ್ಟಿದ್ವಿ ಅಂತ? ಪಾಪ, ಹಾದಿ ನೋಡತಿರತಾನ."

ನಾನು ಫೋನು ತೆಗೆದು, ನಂಬರು ಒತ್ತದೆಯೇ ಕಿವಿಗಿಟ್ಟುಕೊಂಡೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಕೆಳಗಿಳಿಸಿದೆ.

"ಹೇಳಿದೆ, ಅವ್ವಾ."

"ಏನಂದಾ?"

"ಚಲೋ ಆತು ಅಂದ್ರು."